ಎರಡನೇ ಜ್ವರ

ಮಳವಳ್ಳಿ ದಾಟಿ, ನಾಲೆ ಏರಿಯ ಪಕ್ಕ
ಬೋರಲಿಂಗಣ್ಣನ ಚಾಕಿ ಮನೆ.
ಕರೆಂಟು ಬಿಲ್ಲನ್ನು ನಾಕು ಮಡಿಕೆ ಮಾಡಿ
ನನ್ನ ಜೇಬಿಗೆ ತಾನೇ ತುರುಕಿದ:
‘ಯಾರೋ ರಾತ್ರಿ ಗುಂಡಿ ತಿರುವ್ತವ್ರೆ, ನವಾಜಣ್ಣ.
ಕೈ ಹೋಗಬಾರ್ದು, ಅಂಥದೊಂದ ಹಾಕ್ಬುಡು.’

ಹಾಕಿದೆ.
ದಪ್ಪ ಗಾಜಿನಂಥ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಥರ್ಮೋಸ್ಟ್ಯಾಟು,
ಇಪ್ಪತ್ತೇಳಕ್ಕೆ ನಿಲ್ಲಿಸಿ ಬೀಗ.
ಸ್ಕ್ರೂಗಳಿಗೂ ವಿಚಿತ್ರ ತಲೆ, ಪೇಟೆಯ ಯಾವ ಅಂಗಡಿಯಲ್ಲೂ
ಅದಕ್ಕೊಪ್ಪುವ ಸ್ಕ್ರೂಡ್ರೈವರ್ ಸಿಗದು.
ಹೊರಗೆ ಹೊಸ ಮೀಟರು: ಕಾಲು ಗಂಟೆಗೊಮ್ಮೆ
ತಿಂದದ್ದನ್ನು ತಾನೇ ಬರೆದುಕೊಳ್ಳುವ ಜಾತಿಯದು,
ಮುಚ್ಚಳ ಬಿಚ್ಚಿದರೆ ಬಿಚ್ಚಿದ ಹೊತ್ತನ್ನೂ.

ರಾತ್ರಿ ಪಾಳಿಯ ಚಿಕ್ಕತಾಯಮ್ಮ
ತಟ್ಟೆಗಳ ನಡುವೆ ನಿಂತು ನೋಡುತ್ತಿದ್ದಳು,
ಹೆಚ್ಚಿದ ಎಳೆಸೊಪ್ಪಿನ ಹಸಿರು ಉಗುರಲ್ಲಿ.
ಏನೂ ಅನ್ನಲಿಲ್ಲ.

ಹತ್ತು ದಿನಕ್ಕೆ ಮೀಟರಿನ ಬರಹ ಬಿಚ್ಚಿದೆ.
ದಿನವೂ ಬೆಳಗಿನ ಜಾವ ಮೂರೂಕಾಲಿಗೆ
ಹೀಟರು ಧಡಕ್ಕನೆ ಎದ್ದಿದೆ,
ನಾಲ್ಕೂವರೆಗೆ ಮಲಗಿದೆ.
ಬೀಗ ನೋಡಿದೆ. ಸ್ಕ್ರೂ ನೋಡಿದೆ. ಒಂದು ಗೀರಿಲ್ಲ.
ಪೆಟ್ಟಿಗೆಯ ನೆತ್ತಿಯ ಮೇಲೆ ಮಾತ್ರ
ದುಂಡನೆಯ ಒಂದು ನೀರಿನ ಕಲೆ.

ಆ ರಾತ್ರಿ ಅಲ್ಲೇ ಉಳಿದೆ, ಸುಣ್ಣದ ಚೀಲಕ್ಕೆ ಒರಗಿ.
ಹುಳ ಎರಡನೇ ಜ್ವರಕ್ಕೆ ಕೂತಿದ್ದವು,
ತಲೆ ಎತ್ತಿ, ಮೇವು ಬಿಟ್ಟು, ಅಲುಗದೆ.
ಪುಷ್ಯದ ಚಳಿ. ನಾಲೆಯ ಗಾಳಿ
ಮೂಡಲ ಕಿಟಕಿಯ ಸಂದಿಯಲ್ಲಿ ಬೆಕ್ಕಿನ ಹಾಗೆ ಬಂತು.
ಚಿಕ್ಕತಾಯಮ್ಮ ಮಣಿಕಟ್ಟಿನ ಒಳಮೈಯನ್ನು
ಆ ಸಾಲಿನ ತಟ್ಟೆ ಮೇಲೆ ಹಿಡಿದಳು, ಮುಟ್ಟಿಸದೆ,
ಎರಡು ಉಸಿರು.
ಹೊರಗೆ ಹೋಗಿ ತೊಟ್ಟಿಯ ನೀರು ಮೊಗೆದು ತಂದು
ಚೊಂಬನ್ನು ಪೆಟ್ಟಿಗೆ ಮೇಲಿಟ್ಟಳು,
ಒದ್ದೆ ಬಟ್ಟೆಯ ತುದಿಯನ್ನು ಗಾಳಿತೂತಿಗೆ ಇಳಿಬಿಟ್ಟಳು.
ಒಳಗಿನ ಅಂಕಿ ಇಳಿಯಿತು: ಇಪ್ಪತ್ತಾರು, ಇಪ್ಪತ್ತೈದು.
ಹೀಟರು ಎದ್ದಿತು.

ನಾನು ಕೆಮ್ಮಿದೆ.
ಅವಳೇನೂ ಬೆಚ್ಚಲಿಲ್ಲ.
‘ನಿಮ್ ಪೆಟ್ಟಿಗೆ ಪಡುವಲ ಗ್ವಾಡೆ ಮ್ಯಾಲದೆ, ಹೀಟರ್ ಮಗ್ಗುಲಲ್ಲಿ.
ಈ ಕಡೇದು ಅದ್ಕೇನ್ ಗೊತ್ತಾದ್ದು?
ಈ ಸಾಲು ಅರ್ಧ ದಿನ ಹಿಂದ್ ಬಿದ್ರೆ
ಚಾಕಿನೆಲ್ಲ ನಮ್ ಮಖಕ್ಕೆ ಎಸ್ದೋಯ್ತರೆ.
ಮಗೀಗೆ ಜ್ವರ ಬಂದ್ರೆ
ಹಣೆ ಮುಟ್ಟಿ ನೋಡ್ತಿರೋ, ಗ್ವಾಡೆ ಮುಟ್ಟಿ ನೋಡ್ತಿರೋ?’

ಇಪ್ಪತ್ತೆರಡು ವರ್ಷದ ಕಸುಬು ನನ್ನದು.
ಕೈಗಳಿಗೆ ಬೀಗ ಹಾಕುವುದನ್ನು ಕಲಿತಿದ್ದೆ.
ಚೊಂಬಿಗೆ ಹಾಕುವ ಬೀಗ ಯಾವ ಕಂಪನಿಯೂ ಮಾಡಿಲ್ಲ.

ಬೆಳಿಗ್ಗೆ ಬೋರಲಿಂಗಣ್ಣ ಬಂದ.
‘ಸಿಕ್ಕುದ್ರಾ ಕಳ್ರು?’
ಪೆಟ್ಟಿಗೆಗೆ ಯಾರೂ ಕೈ ಹಚ್ಚಿಲ್ಲ, ಅಂದೆ. ಸುಳ್ಳೇನಲ್ಲ.
ಸೆನ್ಸರನ್ನು ಮೂಡಲಕ್ಕೆ ಎಳೆಯಬೇಕು,
ಹನ್ನೊಂದು ಮೀಟರ್ ವೈರು, ಕಿಟಕಿಗೊಂದು ರಬ್ಬರ್ ಪಟ್ಟಿ, ಅಂದೆ.
‘ಅದ್ರ ದುಡ್ಡು ಯಾರ್ ಕೊಡೋರು?’ ಅಂದ.
ಬಿಲ್ಲು ಇನ್ನೂ ನನ್ನ ಜೇಬಲ್ಲೇ ಇತ್ತು.
ಅದರ ಬೆನ್ನ ಮೇಲೆ ಇಬ್ಬರೂ ಲೆಕ್ಕಕ್ಕೆ ಕೂತೆವು,
ಒಂದು ಕಡೆ ವೈರು, ಒಂದು ಕಡೆ ಯೂನಿಟ್ಟು,
ಅವನ ಪೆನ್ನಿನ ಇಂಕು ಮುಗಿಯುವವರೆಗೆ.

ಅತ್ತ, ಮೂಡಲ ಸಾಲಿನಲ್ಲೂ
ಹುಳ ಹಳೇ ಮೈ ಕಳಚಿ ಏಳುತ್ತಿದ್ದವು.
ಚಿಕ್ಕತಾಯಮ್ಮ ಚೊಂಬಲ್ಲಿ ಉಳಿದ ನೀರನ್ನು
ಎತ್ತಿ ಗಟಗಟ ಕುಡಿದು,
ಬಟ್ಟೆ ಹಿಂಡಿ ಕಿಟಕಿಗೆ ಒಣಹಾಕಿ
ಆರೂಮುಕ್ಕಾಲರ ಬಸ್ಸಿಗೆ ಹೊರಟಳು.