ಹೊರೆಯಿಲ್ಲದ ಒಂಟೆ

ರಾತ್ರಿ ಹನ್ನೊಂದು. ಓಂದುರ್ಮಾನ್.
ಪುಸ್ತಕದಲ್ಲಿ ಬರೆಯುತ್ತೇನೆ: ಬಣ್ಣ ತಿಳಿಗೆಂಪು. ಬಿಸಿ ಇದೆ.
ಒತ್ತಿ ಬಿಟ್ಟರೆ ಎರಡೆಣಿಸುವಷ್ಟರಲ್ಲಿ ರಕ್ತ ಮರಳಿತು.
ಸಹಿ, ಸಿತ್ತನಾ, ರಾತ್ರಿ ಪಾಳಿ.
ಹೀಗೆ ಗಂಟೆಗೊಮ್ಮೆ, ಬೆಳಗಾಗುವ ತನಕ,
ಜಾದಲ್ಲನ ಬಾಯೊಳಗೆ ಟಾರ್ಚು ಬಿಟ್ಟು
ನಾನು ಅವನ ಕಾಲನ್ನು ನೋಡಬೇಕು.

ತಮಾಷೆಯಲ್ಲ. ಅಲ್ಲಿರುವುದು ಕಾಲೇ.
ಎಡ ಮೊಣಕಾಲಿನ ಕೆಳಗಿನ ಸಣ್ಣೆಲುಬು,
ಅದಕ್ಕಂಟಿದ ಅಂಗೈಯಗಲ ಚರ್ಮ.

ನಲವತ್ತು ವರ್ಷ ಕೆಳತುಟಿಯ ಹಿಂದೆ
ಸೋಡಾ ಬೆರೆಸಿದ ತುಂಬಾಕಿನ ಉಂಡೆ ಇಟ್ಟವನು.
ಬಾಯಿಗೆ ಬುದ್ಧಿ ಹೇಳಲು ಯಾರಾದರೂ ಬಂದರೆ
ಕಾಲಿಗೆ ಬುದ್ಧಿ ಹೇಳಿದವನು:
ಒಂಟೆಗಳ ಹಿಂದೆ, ಕೊರ್ದೊಫಾನಿನಿಂದ ಈಜಿಪ್ಟಿನ ಸಂತೆಗೆ
ನಲವತ್ತು ದಿನದ ದಾರಿ.
ಹುಣ್ಣಾಯಿತು. ಮರಳು ತಾಗಿರಬೇಕು ಅಂದ.
ಹಲ್ಲು ಅಲುಗಿತು. ವಯಸ್ಸು ಅಂದ.
ಗದ್ದ ಮರಗಟ್ಟಿದಾಗ ಏನೂ ಅನ್ನಲಿಲ್ಲ,
ಮಗಳು ಹವ್ವಾ ಲಾರಿ ಹತ್ತಿಸಿದಳು.

ಡಾಕ್ಟರ್ ಇಂತಿಸಾರ್ ಕಾಗದದಲ್ಲಿ ಗೀಚಿ ತೋರಿಸಿದರು:
ದವಡೆ ಇಲ್ಲಿಂದ ಇಲ್ಲಿಯವರೆಗೆ ಹೋಗುತ್ತದೆ.
ಕಾಲಲ್ಲಿ ಎರಡು ಎಲುಬು. ದಪ್ಪನೆಯದು ಮೈ ಹೊರುತ್ತದೆ,
ತೆಳ್ಳನೆಯದು ಪಕ್ಕದಲ್ಲಿ ಸುಮ್ಮನೆ ನಡೆಯುತ್ತದೆ.
ಅದನ್ನು ತೆಗೆದು ಇಲ್ಲಿಡುತ್ತೇವೆ.
ಆಗ ಅವನಿಗೆ ಮಾತಿತ್ತು, ಅರ್ಧ ಜೊಲ್ಲು, ಅರ್ಧ ಮಾತು.
'ಗೊತ್ತು' ಅಂದ. 'ನಾವೂ ಸಾಲಿನಲ್ಲಿ ಒಂದು ಒಂಟೆಯನ್ನು
ಹೊರೆಯಿಲ್ಲದೆ ನಡೆಸುತ್ತೇವೆ.
ದಾರಿಯಲ್ಲಿ ಯಾವುದಾದರೂ ಬೀಳುತ್ತದಲ್ಲ.'

ಹನ್ನೆರಡು ತಾಸು ಶಸ್ತ್ರಚಿಕಿತ್ಸೆ.
ಕೋಲಿನಂಥ ಎಲುಬನ್ನು ಮೂರು ತುಂಡು ಮಾಡಿ, ಬಾಗಿಸಿ,
ಟೈಟೇನಿಯಂ ಪಟ್ಟಿಗೆ ತಿರುಪು ಬಿಗಿದರು.
ಕೂದಲಿಗಿಂತ ತೆಳು ದಾರದಲ್ಲಿ
ಕಾಲಿನ ರಕ್ತನಾಳವನ್ನು ಕತ್ತಿನದಕ್ಕೆ ಹೊಲಿಯುವಾಗ
ಜನರೇಟರ್ ಒಮ್ಮೆ ಕೆಮ್ಮಿತು.
ಯಾರೂ ಅಲುಗಲಿಲ್ಲ. ದೀಪ ಮರಳಿತು.
ಕ್ಲಿಪ್ಪು ಬಿಟ್ಟರು. ಬಿಳಿಚಿಕೊಂಡಿದ್ದ ಕಾಲಿನ ಚರ್ಮ
ಹೊಸ ಮನೆಯಲ್ಲಿ ನಾಚಿ ಕೆಂಪಾಯಿತು.

ಮೂರು ಗಂಟೆ. ಬಣ್ಣ ನೇರಳೆ.
ಸೂಜಿ ಚುಚ್ಚಿದೆ. ಕಪ್ಪು ರಕ್ತ, ತುಂಬ ಬೇಗ.
ಒಳಗೆ ಬಂದದ್ದು ಹೊರಗೆ ಹೋಗುತ್ತಿಲ್ಲ.
ಫೋನು ಮಾಡಿದೆ.
ನನ್ನ ಕೈ ಆಗ ಹೇಗಿತ್ತೋ ಬರೆದಿಲ್ಲ,
ಪುಸ್ತಕದಲ್ಲಿ ಅದಕ್ಕೊಂದು ಅಂಕಣವಿಲ್ಲ.

ಡಾಕ್ಟರ್ ಚಪ್ಪಲಿ ಅದಲುಬದಲು ಹಾಕಿಕೊಂಡು ಬಂದರು.
ಹೊಲಿಗೆ ಬಿಚ್ಚಿದರು.
ಜೋಳದ ಕಾಳಿನಷ್ಟು ಹೆಪ್ಪು.
ಅಷ್ಟೇ. ಅಷ್ಟಕ್ಕೆ
ಒಂದು ದವಡೆ ಸಾಯುವುದರಲ್ಲಿತ್ತು.

ಏಳು ಗಂಟೆ. ತಿಳಿಗೆಂಪು. ಬಿಸಿ ಇದೆ.

ಐದನೆಯ ವಾರ ಅವನ ಬಾಯೊಳಗೆ ಕೂದಲು ಬಂತು.
ಕಾಲಿನ ಚರ್ಮವಲ್ಲವೇ, ಅದಕ್ಕೆ ಹೇಳಿದವರು ಯಾರು
ಊರು ಬದಲಾಗಿದೆಯೆಂದು?
ಸಣ್ಣ ಕತ್ತರಿಯಲ್ಲಿ ಕತ್ತರಿಸಿದೆ.
ಹವ್ವಾ ಸೆರಗು ಬಾಯಿಗಿಟ್ಟು ನಕ್ಕಳು,
ಮತ್ತೆ ಅಳುವೂ ಬಂತು, ಎರಡನ್ನೂ ಅದೇ ಸೆರಗಿನಲ್ಲಿ ಮುಗಿಸಿದಳು.
ಅವನು ಕನ್ನಡಿ ಕೇಳಲಿಲ್ಲ.
ಎಲುಬಿಲ್ಲದ ನಾಲಿಗೆಗೆ ಈಗ ಹೊಸ ನೆರೆಯವನು:
ದೇಶ ದೇಶ ನಡೆದವನು, ಒಂದು ಮಾತೂ ಆಡಿ ಗೊತ್ತಿಲ್ಲದವನು.
ಒಬ್ಬರಿಗೊಬ್ಬರು ಹೊಂದಿಕೊಳ್ಳಲು ದಿನ ಹಿಡಿಯುತ್ತದೆ.

ಇನ್ನು ಮೂವತ್ತು ದಿನ ವಿಕಿರಣ ಎಂದರು ಡಾಕ್ಟರ್.
ಜಾದಲ್ಲ ಬೆರಳೆಣಿಸಿ ತೋರಿಸಿದ:
ನಲವತ್ತಕ್ಕೆ ಹತ್ತು ಕಡಿಮೆ.

ನಿನ್ನೆ ಅಂಗಳದ ಬೇವಿನ ಕೆಳಗೆ, ಊರುಗೋಲು ಪಕ್ಕಕ್ಕಿಟ್ಟು,
ಅಭ್ಯಾಸ ಮಾಡುತ್ತಿದ್ದ,
ಒಂಟೆಯನ್ನು ಮಂಡಿಯೂರಿಸುವ ಆ ಸದ್ದು.
ಇ… ಇಹ್… ಜೊಲ್ಲು ಇಳಿಯಿತು, ಒರೆಸಿಕೊಂಡ.
ಇಹ್. ಇಕ್. ಇಖ್ಖ್.
ನೀರು ಮಾರುವವನ ಕತ್ತೆ
ಗೇಟಿನ ಹೊರಗೆ ನಿಂತಿತ್ತು.
ಮಂಡಿಯೂರಲಿಲ್ಲ, ಅದರ ಭಾಷೆಯಲ್ಲ ಅದು.
ಒಂದು ಕಿವಿಯನ್ನು ಮಾತ್ರ
ಈಚೆ ತಿರುಗಿಸಿತು.