ಅಂಚಿನಲ್ಲಿ ಸೀಸ

ಮನಾಮದ ಹಳೇ ಪೇಟೆ, ಅತ್ತರಿನಂಗಡಿಯ ಎಡಕ್ಕೆ,
ಇಬ್ಬರು ಎದುರಾದರೆ ಒಬ್ಬ ಗೋಡೆಗೊರಗಬೇಕಾದ ಓಣಿ.
ಅಲ್ಲಿ ನಾನು, ಒಂದು ಮಿಷಿನು, ಒಂದು ಕನ್ನಡಿ,
ಕಿನ್ನಿಗೋಳಿಯಿಂದ ತಂದ ಕತ್ತರಿ.
ಅಪ್ಪ ನೇಯುತ್ತಿದ್ದ. ನಾನು ಕತ್ತರಿಸುತ್ತೇನೆ.
ಮನೆತನ ಇಷ್ಟು ಕೆಳಗಿಳಿಯಿತೆಂದು ಅವನ ಲೆಕ್ಕ.

ಅವಳು ಬಂದದ್ದು ಮಧ್ಯಾಹ್ನ, ಪೇಟೆ ಬಾಗಿಲೆಳೆದು ಮಲಗಿದ ಹೊತ್ತು.
ಕೈಯಲ್ಲಿ ಕೋಲ್ಡ್ ಸ್ಟೋರಿನ ಪ್ಲಾಸ್ಟಿಕ್ ಚೀಲ,
ಚೀಲದಲ್ಲಿ ಮದುವೆಯ ಗೌನು.
"ಮೊಣಕಾಲಿಗೆ ಕತ್ತರಿಸು. ಗುರುವಾರಕ್ಕೆ ಬೇಕು.
ಮಗಳು ವಿಮಾನ ಬದಲಿಸುತ್ತಾಳೆ ಇಲ್ಲಿ, ನಾಲ್ಕು ಗಂಟೆ."
ಹೆಸರು ಕೇಳಿದೆ, ಬಿಲ್ಲಿಗೆ.
ಒಡಿಲಿಯಾ ಅಂದಳು. ಆಮೇಲೆ ನಗುತ್ತಾ
ಅದರ ಬೆನ್ನಿಗಿದ್ದ ಹನ್ನೊಂದು ಹೆಸರನ್ನೂ ಹೇಳಿದಳು.
ಕೊನೆಯದು ಒಂದು ಸಂಸ್ಥಾನ; ಈಗ ಭೂಪಟದಲ್ಲಿಲ್ಲವಂತೆ.
ನಾನು ಬರೆದದ್ದು: ಮೇಡಂ, ಬಿಳಿ, ಒಂದು.

ಹೊಲಿಗೆ ಬಿಚ್ಚಿದರೂ ತೂತಿನ ಸಾಲು ಉಳಿಯುತ್ತದೆ.
ಸೊಂಟದಲ್ಲಿ ಮೂರು ಸಾಲು.
ಮೊದಲನೆಯದು ಇಪ್ಪತ್ತೆರಡು ಇಂಚು. ಹತ್ತೊಂಬತ್ತು ವಯಸ್ಸು.
ಗಂಡಿಗೆ ಕುದುರೆ ಗೊತ್ತಿತ್ತು, ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ.
ಹೆಣ್ಣು ನೋಡಲು ಬಂದವನು
ನಗು ಅಂದನಂತೆ. ನಕ್ಕಳಂತೆ.
ಎರಡನೆಯದು ನಾಲ್ಕು ಬೆರಳು ಆಚೆ. ಅಷ್ಟರಲ್ಲಿ ಆ ಮನೆ
ಮಗಳನ್ನು ಇಟ್ಟುಕೊಂಡು ತಾಯಿಯನ್ನು ಕಳಿಸಿತ್ತು.
ಇವನು ಪಿಯಾನೋ ನುಡಿಸುವವನು, ಬೆರಳು ಬಲು ಮೆತ್ತಗೆ.
ಅದೇ ಬೆರಳಲ್ಲಿ ಅವಳ ಕಾಗದಗಳನ್ನೆಣಿಸಿ
ಪತ್ರಿಕೆಗೆ ಮಾರಿದ, ಪುಟಕ್ಕಿಷ್ಟು ಅಂತ.
ಮೂರನೆಯದು ಒಳಕ್ಕೆ ಸರಿದ ಸಾಲು, ಕೈಹೊಲಿಗೆ, ಅವಳದೇ.
ಅವಾಲಿಯ ಎಣ್ಣೆ ಕಂಪನಿಯ ಇಂಜಿನಿಯರು.
"ಒಳ್ಳೆಯವನು," ಅಂದಳು, "ಕುಡಿಯದ ದಿನ."
ಒಂದು ರಂಜಾನಿನಲ್ಲಿ ಸಾಲ ಬಿಟ್ಟು ವಿಮಾನ ಹತ್ತಿದ.
ಕಾಗದದಲ್ಲಿ ಇವಳ ಸಹಿ. ತೀರುವ ತನಕ ದ್ವೀಪ ದಾಟುವಂತಿಲ್ಲ.

ನನ್ನ ಪಾಸ್‌ಪೋರ್ಟು ಏಳು ವರ್ಷ ಅರ್ಬಾಬನ ಡ್ರಾಯರಿನಲ್ಲಿತ್ತು.
ಅವಳು ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಅಂಚು ಬಿಚ್ಚುವಾಗ ಕತ್ತರಿ ಟಕ್ಕೆಂದಿತು.
ಹುಣಸೆಬೀಜದಷ್ಟು ಸೀಸದ ತುಂಡು.
ಇನ್ನೊಂದು. ಗೇಣಿಗೊಂದು. ಒಟ್ಟು ಇಪ್ಪತ್ತಮೂರು.
"ಗಾಳಿಗೆ ಹಾರಬಾರದೆಂದು ಅರಮನೆಯ ದರ್ಜಿ ಇಟ್ಟದ್ದು.
ಮರೆತೇ ಹೋಗಿತ್ತು ನೋಡು," ಅಂದಳು,
ಮೂರು ಸಲವೂ ಎಳೆದುಕೊಂಡು ನಡೆದವಳು.

ಕಟ್ಟಡದ ಯಜಮಾನ ಹಾಜಿ ಮರ್ಹೂನ್
ಬಾಡಿಗೆಗೆ ಬಂದವನು ಚಹಾಕ್ಕೆ ಕೂತಿದ್ದ.
ಅವನಜ್ಜ ಮುತ್ತಿಗೆ ಮುಳುಗುತ್ತಿದ್ದವನು.
ಒಂದು ತುಂಡನ್ನು ಅಂಗೈಯಲ್ಲಿ ತೂಗಿದ:
"ಕಾಲಿಗೆ ಕಲ್ಲು ಕಟ್ಟಿ ಇಳಿಸುತ್ತಿದ್ದರು.
ತಳ ಸಿಕ್ಕಿದ ಕೂಡಲೇ ಕಾಲು ಬಿಡಿಸಿಕೊಳ್ಳಬೇಕು.
ಮೇಲಿನವನು ಮೊದಲು ಎಳೆದುಕೊಳ್ಳುವುದು ಕಲ್ಲನ್ನೇ,
ಆಮೇಲೆ ಮನುಷ್ಯನನ್ನು."
ಹಿಂದಿಯಲ್ಲಿ ಅರ್ಧ, ಸನ್ನೆಯಲ್ಲಿ ಅರ್ಧ ಅವಳಿಗೆ ದಾಟಿಸಿದೆ.
ಹಗ್ಗ ಹಿಡಿಯುವವನು ಯಾರು, ಕೇಳಿದಳು.
"ಯಾರು ಸಿಕ್ಕರೋ ಅವರು," ಅಂದ ಹಾಜಿ. "ನಂಬಬೇಕು."
ಲೋಟದ ತಳದ ಸಕ್ಕರೆ ಕಲಕುತ್ತಾ ಕೂತ.

ಬುಧವಾರ ಸಂಜೆ ಉಟ್ಟು ನೋಡಿದಳು.
ಓಣಿಯ ಬಾಯಿಂದ ಉತ್ತರದ ಗಾಳಿ, ಜೊತೆಗೆ ಮರಳು;
ಗೌನು ಮಂಡಿಯ ಮೇಲೆ ಎದ್ದಿತು.
ಎರಡೂ ಕೈಯಲ್ಲಿ ಒತ್ತಿ ಹಿಡಿದು ಅತ್ತಿತ್ತ ನೋಡಿ,
ಆಮೇಲೆ ಒಂದು ಕೈ ಬಿಟ್ಟಳು.
ಮೂರು ದಿನಾರಿಗೆ ಐನೂರು ಫಿಲ್ಸ್ ಚೌಕಾಸಿ ಮಾಡಿದಳು.
ಸೀಸ ಕೇಳಲಿಲ್ಲ. ಫ್ಯಾನಿನ ಗಾಳಿಗೆ ಪೇಪರು ಏಳದಂತೆ
ಈಗ ನಾನು ಅದನ್ನೇ ಇಡುತ್ತೇನೆ.

ಮರುವಾರ ಬಂದಳು, ಕತ್ತರಿಸಿದ ಬಟ್ಟೆ ಉಂಟೇ ಎಂದು.
ಉಂಟು, ಮಡಚಿಟ್ಟಿದ್ದೆ.
ಮಗಳು ಬಂದಿದ್ದಳೇ ಅಂತ ಕೇಳಲಿಲ್ಲ.
ದರ್ಜಿ ಕೇಳುವುದು ಅಳತೆ.
"ಇದರಲ್ಲಿ ಒಂದು ಮಗುವಿಗೆ ಫ್ರಾಕು ಆಗುತ್ತದೆಯೇ?"
ಎಷ್ಟು ದೊಡ್ಡ ಮಗು?
ಗಾಳಿಯಲ್ಲಿ ಅಂಗೈ ಹಿಡಿದು ತೋರಿಸಿದಳು: ಇಷ್ಟು.
ಯೋಚಿಸಿ, ಸ್ವಲ್ಪ ಕೆಳಗೆ: ಇಷ್ಟು.
ಕೈ ಅಲ್ಲೇ ನಿಂತಿತು.
ಕುತ್ತಿಗೆಯಿಂದ ಟೇಪು ತೆಗೆದು
ಆ ಕೈಯಿಂದ ನೆಲದವರೆಗೆ ಅಳೆದೆ.