ಸೀನು

ಬ್ಯಾಡಗಿ ಪ್ಯಾಟಿಯೊಳಗ ಸೀನದವರಿಲ್ಲ.
ಸೋಮವಾರ, ಗುರುವಾರ
ಚೀಲದ ಬಾಯಿ ಬಿಚ್ಚಿದ್ರ ಸಾಕು,
ದಲಾಲ ಸೀನತಾನ, ಪೊಲೀಸ ಸೀನತಾನ,
ಲಾರಿ ನೆರಳಿಗೆ ಮಲಗಿದ ನಾಯಿ ಸೀನತೈತಿ.

ನನ್ನ ಸೀನು ಮಾತ್ರ ಎದಿ ತನಕ ಬಂದು ನಿಂತುಬಿಡತೈತಿ.
ಒತ್ತಿ ಹೊರಗ ಹಾಕಾಕ ಹೊಟ್ಟಿ ಇಲ್ಲ.
ಐತಿ, ಮಾತು ಕೇಳೂದಿಲ್ಲ,
ಹಲಗಿ ಜಾರಿ
ಚೀಲದ ಜೋಡಿ ನಾನೂ ಬಿದ್ದ ದಿನದಿಂದ.

ಪಿಸ್ಸ್ ಅಂತೈತಿ, ಪಂಚರಾದ ಟ್ಯೂಬಿನಂಗ.
ಹಮಾಲ ಗೆಳ್ಯಾರು ಮೊದಲ ಮಾರಿ ತಿರುವುತಿದ್ರು.
ಈಗ ಒದರತಾರ: "ದಾವಲಸಾಬಾ, ಗಾಳಿ ತುಂಬಸೋ!"

ಕಾಟಾದ ಮುಂದ ಕುಂತು ತೂಕ ಬರಕೋತೀನಿ.
ಒಂದು ಕಾಯಿ ಮುರಿದು ಮೂಗಿಗೆ ಹಿಡಿದು
ಬಣ್ಣ ಎಷ್ಟು, ಸುಕ್ಕು ಎಷ್ಟು,
ರಾತ್ರಿ ನೀರು ಹೊಡದಾರೋ ಇಲ್ಲೋ ಹೇಳತೀನಿ.
ನಡುನಡುವ ಗಡಿಯಾರ ನೋಡಿ
ಎರಡೂ ಕೈ ಊರಿ
ಕುರ್ಚಿಯಿಂದ ನನ್ನನ್ನ ನಾನಽ ಎತ್ತತೀನಿ,
ಕುಂಡಿ ಹುಣ್ಣಾಗಬಾರದಂತ.
ಹಮಾಲಿ ಬಿಟ್ಟಿಲ್ಲ ನೋಡ್ರಿ.
ಚೀಲ ಒಂದಽ, ಐವತ್ತೆಂಟು ಕೇಜಿ,
ಎತ್ತಿದ್ದು ಅಲ್ಲೇ ಇಳಸೂದು,
ಕೂಲಿ ಯಾರೂ ಕೊಡೂದಿಲ್ಲ.

ಐತವಾರ ಮೋಟೆಬೆನ್ನೂರಿಗೆ ಹೊಂಟೀನಿ,
ಎರಡು ಗಾಲಿ ಹೆಚ್ಚಿಗಿ ಹಚ್ಚಿದ ಸ್ಕೂಟರ್ ಮ್ಯಾಲೆ.
ಅಲ್ಲಿ ಕರೆಂಟಿನ ಕಂಬದಿಂದ ಬಿದ್ದ ಹುಡುಗ,
ದ್ಯಾಮನಗೌಡ ಅಂತ,
ಮೂರು ತಿಂಗಳಾತು, ಗ್ವಾಡಿಗೆ ಮಾರಿ ಮಾಡಿ ಮಲಗ್ಯಾನ.
ಯಾರ್ಯಾರೋ ಬಂದು ಧೈರ್ಯ ಹೇಳಿ ಚಾ ಕುಡಿದು ಹೋಗ್ಯಾರ.

ನಾ ಒಂದು ಕೈಗನ್ನಡಿ ಒಯ್ಯಾಕತ್ತೀನಿ,
ಬೆನ್ನಿನ ಚರ್ಮ ತಾನಽ ನೋಡಿಕೊಳ್ಳಾಕ.
ಕಿಸೇದಾಗ ನಾಕು ಮೆಣಸಿನಕಾಯಿ.
ಹಾಸಿಗಿ ಬಾಜೂಕ ಮುರೀತೀನಿ.
ಮೊದಲ ಒಮ್ಮೆ ಸೀನಲಿ,
ಆಮ್ಯಾಲೆ ಮಾತು.